ಸೀಸದಂಗಿ

ಬೆಳಿಗ್ಗೆ ಏಳಕ್ಕೆ ಗೂಟದಿಂದ ತೆಗೆದು ತೊಡುತ್ತೇನೆ.
ಐದು ಕಿಲೋ ಭಾರ. ಒಳಗೆ ಸೀಸದ ಹಾಳೆ.
ಹದಿನಾಲ್ಕು ವರ್ಷ ನನ್ನ ಮಜ್ಜೆ ಕಾಯ್ದದ್ದು ಇದೇ.
ಶಾರ್ಜಾದ ಈ ಕ್ಲಿನಿಕ್ಕಿನಲ್ಲಿ
ಇದಕ್ಕಿಂತ ನಂಬಿಗಸ್ತರು ಯಾರೂ ಇಲ್ಲ,
ಹಾಗಂತ ಅಂದುಕೊಂಡಿದ್ದೆ.

ಮೌಲಾಸಾಬ ನದಾಫ, ಮೂವತ್ತೊಂಬತ್ತು.
ಇಂಡಸ್ಟ್ರಿಯಲ್ ಏರಿಯಾದ ತಗಡಿನ ಶೆಡ್ಡು,
ಹಳೇ ಬ್ಯಾಟರಿ ಒಡೆದು, ಕರಗಿಸಿ, ಗಟ್ಟಿ ಹೊಯ್ಯುವ ಕೆಲಸ.
ನನ್ನ ಕನ್ನಡ ಕೇಳಿ ನಕ್ಕ. ಬಲಗೈ ಚಾಚಿದ.
ತೋಳು ಬಂತು, ಮುಂಗೈ ಬರಲಿಲ್ಲ.
ಒದ್ದೆ ಟವಲಿನ ಹಾಗೆ ಜೋತುಬಿತ್ತು.

"ನಮ್ಮಪ್ಪ ಹುನಗುಂದದಾಗ ಗಾದಿ ತುಂಬತಿದ್ದ, ಮೇಡಂ.
ಬಿಲ್ಲಿಗೆ ಒಂದು ಪೆಟ್ಟು ಕೊಟ್ರ ಓಣಿ ತುಂಬ ಅರಳಿ.
ಅದೇ ಬಿಲ್ಲು ನಾನೂ ಹೊಡದೇನಿ.
ಈಗ ಚಾದ ಕಪ್ಪು ಕೈಯಾಗ ನಿಲ್ಲವಲ್ದು."

ಮಣಿಕಟ್ಟು, ಮೊಳಕೈ, ಮಂಡಿ: ಮೂರೂ ತೆಗೆದೆ.
ಚಿತ್ರ ಸ್ವಚ್ಛ.
ದೊಡ್ಡವರ ಎಲುಬು ಗುಟ್ಟು ಬಿಡುವುದಿಲ್ಲ.

ರಕ್ತದ ಚೀಟಿ ಬಂದ ಮೇಲೆ ಡಾಕ್ಟರು ಹೇಳಿದ್ದನ್ನು
ನಾನು ಹೀಗೆ ತಿಳಿದುಕೊಂಡೆ:
ಎಲುಬಿಗೆ ಸದಾ ಸುಣ್ಣದ ಹಸಿವು.
ಸೀಸ ಸುಣ್ಣದ ವೇಷ ಹಾಕಿ ಬರುತ್ತದೆ,
ಎಲುಬು ಮುಖ ನೋಡದೆ ಮುದ್ರೆ ಒತ್ತುತ್ತದೆ.
ಇಪ್ಪತ್ತು ವರ್ಷದ ವೀಸಾ, ಕಫೀಲ ಬೇಡ, ಮೆಡಿಕಲ್ಲು ಬೇಡ.
ಮೌಲಾಸಾಬನದು ಎರಡೇ ವರ್ಷದ್ದು,
ಮಾರ್ಚಿಗೆ ಮುಗಿಯುತ್ತದೆ.
ಆಗ ಅದೂ ಅವನ ಜೊತೆ ವಿಮಾನ ಹತ್ತುತ್ತದೆ,
ಯಾವ ಕೌಂಟರಿನಲ್ಲೂ ತೂಗದ ಲಗೇಜು.

ಗುರುವಾರ ಮಗಳನ್ನು ಕರೆತಂದ.
ಮಿಸ್ಬಾ, ಐದು ವರ್ಷ. "ಮಣಕಾಲು ನೂಸ್ತಾವಂತ."
ಶೆಡ್ಡಿನ ಹಿಂದೆ ಒಂದು ಕೋಣೆ, ಅಲ್ಲೇ ಒಲೆ, ಅಲ್ಲೇ ಹಾಸಿಗೆ.
ಗಾದಿಯವರ ಮನೆಯ ಹುಡುಗಿ
ಅಪ್ಪನ ಕೆಲಸದ ಅಂಗಿ ಮಡಚಿ ತಲೆಗಿಟ್ಟು ಮಲಗುತ್ತಾಳೆ.
ಅಪ್ಪನ ವಾಸನೆ ಬೇಕಂತೆ.

ಅವಳ ಹೊಟ್ಟೆಯ ಮೇಲೆ ಚಿಕ್ಕ ಏಪ್ರನ್ ಹಾಸಿದೆ.
"ಭಾಳ ವಜ್ಜಿ ಐತಿ. ಇದ್ರಾಗ ಏನೈತಿ?"
ನಿನ್ನ ಕಾಯೋದು, ಅಂದೆ.
ಅಪ್ಪ ಹೆಬ್ಬೆರಳಿನಿಂದ ಅಂಚು ಒತ್ತಿ ನೋಡಿದ.
ಕಸುಬಿನವನು. ಗೊತ್ತಾಯಿತು.

ಪರದೆಯ ಮೇಲೆ ಮಂಡಿ ಮೂಡಿತು.
ಮೆದು ಎಲುಬು ಇನ್ನೂ ಗಟ್ಟಿಯಾಗಲು ಕಲಿಯುತ್ತಿರುವ ಕಡೆ
ಒಂದು ಬಿಳಿ ಗೆರೆ,
ಸ್ಲೇಟಿನ ಮೇಲೆ ಹೊಸ ಬಳಪ ಎಳೆದಷ್ಟು ನೇರ.
ಎಷ್ಟು ಚೆಂದ ಇತ್ತೆಂದರೆ, ಕ್ಷಮಿಸಿ,
ಒಂದು ಗಳಿಗೆ ಬರೀ ನೋಡಿದೆ.

ತಿರುಗಿದಾಗ ಅವನು ಎರಡೂ ಮೊಳಕೈ ಕೆಳಗೆ ತೂರಿಸಿ
ಕಟ್ಟಿಗೆ ಹೊರೆ ಎತ್ತುವ ಹಾಗೆ
ಅವಳ ಮೇಲಿಂದ ಏಪ್ರನ್ ಎತ್ತಿಕೊಂಡು ನಿಂತಿದ್ದ.
ಗೂಟ ಅಲ್ಲೇ, ಕಣ್ಣೆದುರೇ ಇತ್ತು.

"ಮೇಡಂ," ಅಂದ,
"ಇದನ್ನ ಎಲ್ಲಿ ಇಡ್ಲಿ?"