ಸೊನ್ನೆ ನೋಡ್ರಿ

ಬೆಳಿಗ್ಗೆ ಆರಕ್ಕೆ ದರ ತಾನೇ ಬದಲಾಗುತ್ತದೆ.
ಯಾರೂ ಏಣಿ ಹಾಕುವುದಿಲ್ಲ, ಬಣ್ಣ ಬಳಿಯುವುದಿಲ್ಲ.
ಬಳ್ಳಾರಿಯ ಸಿರುಗುಪ್ಪ ರಸ್ತೆ, ನಮ್ಮ ಬಂಕಿನ ಕೆಂಪು ಅಂಕಿಗಳು
ಒಮ್ಮೆ ಕಣ್ಣು ಮುಚ್ಚಿ ತೆರೆದು
ಎಂಬತ್ತು ಪೈಸೆ ಮೇಲೆ ಹೋಗಿ ಕೂತಿರುತ್ತವೆ.
ಮುಖ ತೊಳೆದು ಬಂದ ನನ್ನ ಬಾಯಲ್ಲಿ
ಇನ್ನೂ ನಿನ್ನೆಯ ದರ.

ಮೊದಲ ಗಿರಾಕಿ ಟಂಟಂ ಗಾದಿಲಿಂಗ.
"ಯಾಕವ್ವ ಸುಂಕಮ್ಮ, ಮತ್ತ ಏರಿಸಿದ್ಯಾ?"
ನಾನೇ ರಾತ್ರಿ ಎದ್ದು ಹತ್ತಿಸಿ ಬಂದ ಹಾಗೆ.
"ದಿಲ್ಲಿದೊಂದು ಸುಂಕ, ಬೆಂಗ್ಳೂರಿಂದೊಂದು ಸುಂಕ,
ಕಡೀಗೆ ಪೈಪು ಹಿಡಕೊಂಡು ನೀನೊಬ್ಬಾಕಿ ಸುಂಕಮ್ಮ.
ಎಣ್ಣಿ ಎಲ್ಲೈತಬೇ ಇದರಾಗ?"
ಹರಕೆ ತೀರಿಸಿ ಅವ್ವ ಇಟ್ಟ ದೇವರ ಹೆಸರು,
ಲೀಟರಿನ ಲೆಕ್ಕ ಅವಳಿಗೆಲ್ಲಿ ಗೊತ್ತು.
"ಸೊನ್ನೆ ನೋಡಪ್ಪ" ಅನ್ನುತ್ತೇನೆ.
ಅವನು ಸೊನ್ನೆ ನೋಡುವುದಿಲ್ಲ,
ಬೋರ್ಡು ನೋಡುತ್ತಾನೆ.

ಏಳೂವರೆಗೆ ಪಂಪಾಪತಿ ಮೇಷ್ಟ್ರು.
ನೂರು ರೂಪಾಯಿಗೆ ಹಾಕಿಸಿ ಸಾವಿರದಷ್ಟು ಹೇಳುತ್ತಾರೆ.
ಸ್ಕೂಟರ್ ಸೀಟಿನ ಕೆಂಧೂಳಲ್ಲಿ ಬೆರಳಿಂದ ಗೀಚಿ
ಇದು ಗಲ್ಫು, ಇಗೋ ಇಲ್ಲಿ ಅದರ ಕುತ್ತಿಗೆ,
ಇಷ್ಟೇ ಇಷ್ಟು ನೀರು.
ಎರಡು ದಡದವರು ಕಣ್ಣು ಕೆಂಪಗೆ ಮಾಡಿಕೊಂಡರೆ
ನಡುವಿನ ಹಡಗಿಗೆ ವಿಮೆ ಏರುತ್ತದೆ.
ಗುಂಡು ಹಾರಲೇಬೇಕೆಂದಿಲ್ಲ, ಹಾರೀತು ಅನ್ನುವ ಭಯ ಸಾಕು;
ಭಯಕ್ಕೂ ಪೀಪಾಯಿ ಲೆಕ್ಕದಲ್ಲಿ ಬೆಲೆ ಇದೆಯಮ್ಮ.
ಆಮೇಲೆ ಆ ಸಮುದ್ರದ ಮೇಲೆಯೇ ಕೂತು
ಗಾಡಿ ಸ್ಟಾರ್ಟ್ ಮಾಡುತ್ತಾರೆ.

ಸಂಡೂರಿನ ಅದಿರು ಲಾರಿಯವನ ಲೆಕ್ಕ ಬೇರೆ:
"ನಮ್ ರೂಪಾಯಿ ಸೊರಗೈತಕ್ಕ, ಡಾಲರು ಮೈಕೈ ತುಂಬ್ಕೊಂಡೈತಿ.
ಅಲ್ಲಿ ಇಳಿದ್ರೂ ಇಲ್ಲಿ ಏರ್ತೈತಿ."
ಅವನ ರೆಪ್ಪೆಯ ಮೇಲೂ ಅದಿರು.
ಲಾರಿ ಬಾಯಿ ತೆರೆದರೆ ಇನ್ನೂರು ಲೀಟರು;
ಅಷ್ಟು ಹೊತ್ತೂ ಕಣ್ಣು ಮುಚ್ಚಿ ನಿಂತಿರುತ್ತಾನೆ,
ರಕ್ತ ಕೊಡುವವರ ಹಾಗೆ.

ಕೌಲ್ ಬಜಾರಿನ ಮೈಬೂಬಸಾಬ್,
ಟಿವಿಎಸ್ ಮೇಲೆ ತನಗಿಂತ ಎತ್ತರದ ಜೀನ್ಸ್ ಗಂಟು,
ಇಳಿದರೆ ಗಂಟು ಬೀಳುತ್ತದೆಂದು ಇಳಿಯುವುದಿಲ್ಲ.
"ಓಟು ಮುಗೀತಲ್ಲ" ಎಂದಷ್ಟೇ ಹೇಳಿ
ಮುಚ್ಚಳ ತಿರುವುತ್ತಾನೆ.

ಎಲ್ಲರದ್ದೂ ಖರೆ ಇರಬಹುದು.
ನನ್ನ ಕಣ್ಣಿಗೆ ಕಂಡದ್ದು ಟ್ಯಾಂಕರಿನ ಸಂಗತಿ ಒಂದೇ:
ಎಣ್ಣೆ ಹೊತ್ತು ಘಟ್ಟ ಹತ್ತುವ ಟ್ಯಾಂಕರೂ
ದಾರಿಯುದ್ದ ಎಣ್ಣೆ ಕುಡಿದೇ ಬರುತ್ತದೆ,
ನೀರು ಮಾರುವವನೇ ಕೊಡ ಬಗ್ಗಿಸಿ
ಕುಡಿಯುತ್ತ ಬಂದ ಹಾಗೆ.
ಮ್ಯಾನೇಜರು ನೆಲದ ಟ್ಯಾಂಕಿಗೆ ಕೋಲು ಇಳಿಸಿ
ಒದ್ದೆ ಎಲ್ಲಿಯವರೆಗೆ ಎಂದು ನೋಡುವಾಗ
ನನಗೆ ಮೇ ತಿಂಗಳ ಬಾವಿಯ ನೆನಪು.

ಇಲ್ಲಿಗೆ ಬರುವ ಮುಂಚೆ ನಾನೂ ಜೀನ್ಸಿನ ದಾರ ಕತ್ತರಿಸುತ್ತಿದ್ದೆ.
ನಾದಿನಿ ದುರುಗಮ್ಮ ಇನ್ನೂ ಕತ್ತರಿಸುತ್ತಾಳೆ,
ಜೇಬು, ಮೊಣಕಾಲು, ಬೆಲ್ಟಿನ ಕುಣಿಕೆ,
ಒಂದು ಪ್ಯಾಂಟಿಗೆ ಎರಡು ರೂಪಾಯಿ.
ನಾಲ್ಕು ವರ್ಷದಿಂದ ಎರಡೇ.
ಉಗುರು ನೀಲಿ.
ಅವಳ ಅಂಗಳಕ್ಕೆ ಗಂಟು ತರುವ ಗಾಡಿಯ ಬಾಡಿಗೆ ಏರಿದೆ,
ಪ್ಲೇಟಿನಲ್ಲಿ ಮಿರ್ಚಿ ಒಂದು ಕಮ್ಮಿಯಾಗಿದೆ,
ಆ ಎರಡು ರೂಪಾಯಿ ಮಾತ್ರ ಭಾರೀ ಸಂಭಾವಿತ,
ಕೂತಲ್ಲಿಂದ ಎದ್ದಿಲ್ಲ.
ಯಾಕೆ ಏರಲಿಲ್ಲ ಎಂದು ಕೇಳೋಣವೆಂದರೆ
ಅದಕ್ಕೆ ಬೋರ್ಡೂ ಇಲ್ಲ.

ಎರಡಕ್ಕೆ ಪಾಳಿ ಮುಗಿಯಿತು.
ಎಷ್ಟು ತೊಳೆದರೂ ಕೈಯ ವಾಸನೆ ಹೋಗದು, ಅನ್ನಕ್ಕೂ ಅದೇ.
ಗಾದಿಲಿಂಗನ ಟಂಟಂ, ಹಿಂದೆ ಏಳು ಜನ,
ನಾನು ಎಂಟನೆಯವಳು.
ಇಳಿದು ಹದಿನೈದು ಕೊಟ್ಟೆ. ಅಂಗೈ ಮುಚ್ಚಲಿಲ್ಲ ಅವನು.
"ಇವತ್ತಿಂದ ಇಪ್ಪತ್ತಬೇ."
"ಯಾಕಪ್ಪಾ ಗಾದಿಲಿಂಗ," ಅಂದೆ, "ಮತ್ತ ಏರಿಸಿದ್ಯಾ?"
ಒಳಗಿನ ಏಳು ಜನಕ್ಕೂ ನಗು.
ಅವನೂ ನಕ್ಕ, ಅರೆಕ್ಷಣ.
ಅಂಗೈ ಮಾತ್ರ ಹಾಗೇ ಚಾಚಿತ್ತು,
ಕೆಳಗೆ ಎಂಜಿನ್ ಓಡುತ್ತಲೇ ಇತ್ತು.