ಅರ್ಧ ತೆರೆದದ್ದು

ಚಾವಣಿ ಅರ್ಧಕ್ಕೇ ನಿಂತುಬಿಟ್ಟಿತು
ಕುರುಮ್‌ನ ಸಿಗ್ನಲ್ಲಿನ ಹತ್ತಿರ, ಜೂನ್ ತಿಂಗಳಲ್ಲಿ,
ನನ್ನ ಕುರ್ಚಿಯಲ್ಲಿ ಒರಗಿದವರು
'ಆ' ಎಂದು ಬಾಯಿ ತೆರೆದು
ಮುಚ್ಚಲಾರದೆ ಮೇಲೆ ನೋಡುವ ಹಾಗೆ.

ಇಪ್ಪತ್ತೆರಡು ವರ್ಷ ರುವಿಯಲ್ಲಿ ಹಲ್ಲು ಕಿತ್ತು
ಐವತ್ತಕ್ಕೆ ಕೊಂಡ ಕಾರು.
ಸೆಕೆಂಡ್ ಹ್ಯಾಂಡ್. ಕಡುನೀಲಿ. ಎರಡೇ ಸೀಟು.
"ಆ ಬಿಸಿಲಿಗೆ ಮಾಡಿಲ್ಲದ ಕಾರೇ?" ಎಂದಳು ತಂಗಿ ಫೋನಿನಲ್ಲಿ.
ಡಿಸೆಂಬರಿನ ಒಂದು ರಾತ್ರಿ ಬಾ, ಎಂದೆ.
ಬರಲಿಲ್ಲ.

ಘಾಲಾದ ಶೋರೂಮಿನಲ್ಲಿ ಖರ್ಜೂರ ಕೊಟ್ಟರು,
ಏಲಕ್ಕಿ ಹಾಕಿದ ಕಹ್ವಾ ಕೊಟ್ಟರು,
ಕೂತರೆ ಏಳಲಾಗದ ಸೋಫಾ ಕೊಟ್ಟರು.
ಆಮೇಲೆ ಕಾಗದ ಕೊಟ್ಟರು:
ಪಂಪು, ಎರಡು ಸಿಲಿಂಡರು, ವೈರಿಂಗು, ಕೂಲಿ,
ಎರಡು ಸಾವಿರದ ಮುನ್ನೂರ ನಲವತ್ತು ರಿಯಾಲ್.
ಸೂಟಿನ ಹುಡುಗ ಜೆನ್ಸನ್ ನಗುತ್ತಿದ್ದ.
ಒಳ್ಳೆಯ ಹಲ್ಲು. ಕೆಳಸಾಲು ಮಾತ್ರ ಸ್ವಲ್ಪ ಒತ್ತೊತ್ತು.
"ಪೂರ್ತಿ ಅಸೆಂಬ್ಲಿ ಬದಲಾಯಿಸಿದರೆ
ನಿಮಗೇ ನೆಮ್ಮದಿ, ಮೇಡಂ."

ಈ ವಾಕ್ಯ ನನಗೆ ಗೊತ್ತು.
ನಾನೇ ಹೇಳಿದ್ದೇನೆ ಇದನ್ನು,
ತಿಂಗಳ ಟಾರ್ಗೆಟ್ಟಿಗೆ ಎರಡು ಕ್ಯಾಪು ಕಡಿಮೆ ಬಿದ್ದ ಒಂದು ಗುರುವಾರ,
ಕ್ರೇನ್ ಓಡಿಸುವ ಒಬ್ಬನಿಗೆ.
ಸಿಮೆಂಟು ತುಂಬಿದ್ದರೆ ಸಾಕಿತ್ತು.
ಅವನು ನಂಬಿದ.
ಮೂರು ಕಂತಿನಲ್ಲಿ ಕಟ್ಟಿದ.

ಕೆಟ್ಟ ಪಂಪನ್ನು ಕಣ್ಣಾರೆ ನೋಡಬೇಕು, ಎಂದೆ.
ಜೆನ್ಸನ್ನನ ನಗುವೂ ಅರ್ಧಕ್ಕೆ ನಿಂತಿತು.

ಗಾಜಿನಾಚೆ, ಗಿರಾಕಿಗಳು ದಾಟಬಾರದ ಹಳದಿ ಗೆರೆ.
ಗೆರೆಯ ಆ ಬದಿಯಿಂದ ಹಿಲಾಲ್,
ಗಡ್ಡದಲ್ಲಿ ಗ್ರೀಸು, ಕಿವಿಯ ಹಿಂದೆ ಪೆನ್ಸಿಲು,
ಬೆರಳಾಡಿಸಿ ಕರೆದ:
"ಶೂಫಿ, ದಕ್ತೂರಾ."
ನೋಡಿದೆ. ನನ್ನದರಂಥದೇ ಪುಟ್ಟ ಕನ್ನಡಿ,
ಕೋಲಿಗೆ ಸಿಕ್ಕಿಸಿದ್ದು,
ಸೀಟಿನ ಹಿಂದಿನ ಕತ್ತಲಿಗೆ ಇಳಿಯಿತು.
ಕನ್ನಡಿಯಲ್ಲಿ ಕೊಳವೆಯ ಕತ್ತು,
ಕತ್ತಿನಲ್ಲಿ ಒಂದು ಹನಿ ಎಣ್ಣೆ
ಬೀಳಲೋ ಬೇಡವೋ ಎಂದು ಕೂತಿತ್ತು.

"ಪಂಪು ಗಟ್ಟಿಯಾಗಿದೆ. ರಬ್ಬರು ಸತ್ತಿದೆ, ಸೆಕೆಗೆ."
ಇದು ನಿಮ್ಮ ಕಾಗದದಲ್ಲಿ ಇಲ್ಲವಲ್ಲ?
"ಇಲ್ಲ," ಎಂದ. ಹುಡುಗನನ್ನು ಬಯ್ಯಲಿಲ್ಲ.
"ಹೊಸಬ. ಅವನಿಗೂ ತಿಂಗಳ ಕೊನೆ."

ಇಪ್ಪತ್ತಾರು ರಿಯಾಲ್, ಎಂಟುನೂರು ಬೈಸಾ, ಎಣ್ಣೆ ಸೇರಿ.
ಸತ್ತ ಉಂಗುರವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೈಗಿಟ್ಟ,
ಕಿತ್ತ ಹಲ್ಲನ್ನು ಹತ್ತಿಯಲ್ಲಿ ಸುತ್ತಿ
ನಾನು ಕೊಡುವ ಹಾಗೆ,
ಕೆಲವರಿಗೆ. ಕೇಳಿದವರಿಗೆ.

ಸಂಜೆ ಚಾವಣಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ.
ಕಡಲ ಸೆಕೆ ಒದ್ದೆ ಟವೆಲಿನಂತೆ ಮುಖಕ್ಕೆ ಬಿತ್ತು.
ಹಟಕ್ಕೆ ಮತ್ರಾದವರೆಗೆ ಹಾಗೇ ಹೋದೆ.

ಮರಳುವಾಗ ಕ್ಲಿನಿಕ್ಕಿನ ಬೀಗ ತೆಗೆದು
ಕ್ರೇನಿನವನ ಫೈಲು ಹುಡುಕಿದೆ.
ಬಿಶ್ವಂಭರ್. ಮೇಲಿನ ಎಡ ದವಡೆ. ನಂಬರು ಇತ್ತು.
ಒತ್ತಿದೆ.
ಈ ಸಂಖ್ಯೆ ಬಳಕೆಯಲ್ಲಿಲ್ಲ ಎಂದಿತು ಒಂದು ಹೆಣ್ಣುದನಿ,
ಅರಬ್ಬಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ.
ಎರಡನ್ನೂ ಪೂರ್ತಿ ಕೇಳಿದೆ.