ಒಂದು ಪುಟಕ್ಕೆ ಒಂದೇ ೞ

ಅಡ್ಕತ್ತಬೈಲು ಮಾಷ್ಟ್ರೇ,
ನೀವು ಹೋದ ಊರಿಗೆಲ್ಲ ನಾನೂ ಹೋಗಿದ್ದೇನೆ,
ಹಿಂದುಮುಂದಾಗಿ.
ನಿಮ್ಮ ಇರಾವತಿಯ ಎಡದಂಡೆ
ನನ್ನ ಬೆರಳಿಗೆ ಬಲದಂಡೆ.
ಸೀಸದ ಮೊಳೆಯಲ್ಲಿ ಊರುಗಳು
ಕನ್ನಡಿಗೆ ಬಿದ್ದ ಹಾಗೆ ತಲೆಕೆಳಗಾಗಿ ನಿಂತಿರುತ್ತವೆ;
ಹಾಗೇ ಓದಿ ಓದಿ
ನೆಟ್ಟಗೆ ಅಚ್ಚಾದ ಹಾಳೆ ಕಂಡರೆ
ಯಾರದೋ ಊರು ಅನಿಸುತ್ತಿತ್ತು.

ತಾಯಲಂಗಾಡಿಯ ಪ್ರೆಸ್ಸು. ಗೋಡೆಗೆ ಒರಗಿದ ಕೇಸು, ಗೂಡುಗೂಡು.
ಬೇಳದಿಂದ ಏಳೂವರೆಯ ಬಸ್ಸಿಗೆ ಬರುವ ಸೆವ್ರಿನ್ ಬಾಯಿ.
ತೆಂಕಲಿಗೆ ಪಯ್ಯನ್ನೂರು, ಬಡಗಲಿಗೆ ಮಂಗಳೂರು,
ಅಷ್ಟೇ ನನ್ನ ಭೂಗೋಳ.
ಸಮರ್ಕಂದದ ಸಂತೆಗೆ ಬಂದಾಗ ರ ಖಾಲಿ.
ಪಕ್ಕದಲ್ಲಿ ಕಟ್ಟಿಟ್ಟಿದ್ದ ಮದುವೆ ಕಾಗದದಿಂದ
ಒಂಬತ್ತು ರ ಕದ್ದೆ.
ವರನ ಹೆಸರು ಅರ್ಧ ದಿನ ಅರ್ಧವೇ ಇತ್ತು,
ಖರಬೂಜ ಮಾರುವ ಮುದುಕ ಪೂರ್ತಿಯಾದ.

ಆಮೇಲೆ ನೀವು ಆ ಅಕ್ಷರ ತಂದಿರಿ.
ಎಲ್ಲ ನದಿಗೂ ಪುೞ,
ಬರ್ಮಾದ್ದಕ್ಕೂ, ಡ್ಯಾನ್ಯೂಬಿಗೂ.
ಇದು ಮಲಯಾಳದ್ದಲ್ಲವಾ, ಅಂದೆ.
ನಮ್ಮದೇ, ಅಂದಿರಿ. ಚಂದ್ರಗಿರಿ ದಾಟಿ ಆಚೆ ಹೋಗಿ ಕೂತಿದೆ,
ಸಾವಿರ ವರ್ಷವಾಯಿತು, ಮನೆ ಕಡೆ ಬಂದಿಲ್ಲ.
ತಳಂಗರೆ ಕಡವಿನ ಮಮ್ಮುಂಞಿಯ ಬಾಯಲ್ಲಿ ಸುಖವಾಗಿದೆ.
ಅವನ ದೋಣಿ ಹತ್ತಿದ್ದೇ ನನ್ನ ಮೊದಲ ಪ್ರವಾಸ,
ಉಳಿದದ್ದೆಲ್ಲ ಅದರ ಮುಂದುವರಿಕೆ.
ನಿಮ್ಮ ಮಾತು ಯಾವಾಗಲೂ ಮುನ್ನುಡಿಯ ಹಾಗೆ.

ಕೇಸಿನಲ್ಲಿ ಅದಕ್ಕೆ ಗೂಡೇ ಇರಲಿಲ್ಲ.
ಕುಂಞಣ್ಣಾಚಾರಿಯ ಚಿನ್ನದ ಅರ ಬೇಡಿ ತಂದು
ಸವೆದ ಮೊಳೆಯೊಂದನ್ನು ಎರಡು ಸಂಜೆ ಉಜ್ಜಿದೆ.
ಬೆನ್ನು ಗೂನು, ಹೊಟ್ಟೆ ಮುಂದೆ,
ಆದದ್ದು ಒಂದೇ ಒಂದು.
ಒಂದು ಪುಟಕ್ಕೆ ಒಂದೇ ೞ, ಮಾಷ್ಟ್ರೇ,
ಎರಡನೆಯದು ಬಂದರೆ ಹೊಳೆ ಎಂದು ಹಾಕುತ್ತೇನೆ.

ಹಾಗೆ ನಿಮ್ಮ ಐದು ಪುಸ್ತಕಗಳಲ್ಲಿ
ಲೋಕದ ನದಿಗಳೆಲ್ಲ
ಪುಟದ ನೆತ್ತಿಯಲ್ಲಿ ಪುೞವಾಗಿ ಹುಟ್ಟಿ
ಕೆಳಗಿಳಿಯುವಷ್ಟರಲ್ಲಿ ಹೊಳೆಯಾದವು.
ಧಾರವಾಡದ ವಿಮರ್ಶಕರೊಬ್ಬರು ಅದರಲ್ಲಿ
ಅಪರಿಚಿತವು ಪರಿಚಿತವಾಗುವ ಪರಿಯನ್ನು ಕಂಡು
ನಾಲ್ಕು ಪುಟ ಬರೆದರು.
ನೀವು ಆ ಪತ್ರಿಕೆ ತಂದು ಕೊಟ್ಟಿರಿ, ನಗದೆ.
ನಾನು ಅದರಲ್ಲಿ ಬನ್ಸ್ ಕಟ್ಟಿಕೊಂಡು ಬಸ್ಸು ಹತ್ತಿದೆ.

ಪ್ರೆಸ್ಸು ಮುಚ್ಚಿದಾಗ ಮೊಳೆ ಕಿಲೋ ಲೆಕ್ಕಕ್ಕೆ ಹೋಯಿತು.
ಕಸಬಾ ಕಡಪ್ಪುರದವರು ಬಲೆಯ ಭಾರಕ್ಕೆಂದು ಕರಗಿಸಿ ಒಯ್ದರು.
ನಿಮ್ಮ ಸಮರ್ಕಂದ ಈಗ
ಮತ್ತಿ ಮೀನಿನ ಹಿಂದೆ ಸಮುದ್ರ ಇಳಿದು ಹತ್ತಿ
ಮಾಡುತ್ತಿರಬೇಕು.
ಒಂದನ್ನು ಮಾತ್ರ ಸೆರಗಿಗೆ ಗಂಟು ಹಾಕಿಕೊಂಡೆ.

ಈಗ ಹೊಸ ಮುದ್ರಣ ಬಂದಿದೆ, ಐದೂ ಸೇರಿ ಒಂದೇ ದಪ್ಪ ಸಂಪುಟ.
ನಿಮ್ಮ ಕೈಬರಹ ನೋಡಿಯೇ ಮಾಡಿದರಂತೆ.
ನನ್ನ ಹೊಳೆ ಒಂದೂ ಇಲ್ಲ.
ಯಾರೋ ಬಲ್ಲವರು ೞ ಎಲ್ಲ ತಿದ್ದಿ ಳ ಮಾಡಿದ್ದಾರೆ.
ಪುಳ ಅಂದರೆ ಹುಳವಾ, ಲೈಬ್ರರಿಯ ಹುಡುಗಿ ಕೇಳಿದಳು,
ಬರ್ಮಾದಲ್ಲಿ ಅಷ್ಟು ದೊಡ್ಡ ಹುಳವಾ,
ದೋಣಿಯಲ್ಲಿ ದಾಟುವಷ್ಟು?
ಹೇಳೋಣವೆಂದರೆ ನೀವಿಲ್ಲ.

ಶನಿವಾರ ಮಧ್ಯಾಹ್ನ.
ಹಾಲಿನ ಸೊಸೈಟಿಯಿಂದ ತಂದ ಸ್ಟ್ಯಾಂಪ್ ಪ್ಯಾಡು,
ಅರ್ಧ ಬ್ಲೇಡು.
ಪುಟ ಎಪ್ಪತ್ತೆರಡು: ಮಂಜು, ಮೂರು ಎಮ್ಮೆ,
ಅಂಬಿಗನನ್ನು ಕಾಯುತ್ತ ಚಪ್ಪಲಿ ಕೈಯಲ್ಲಿ ಹಿಡಿದ ನೀವು.
ಳ ಕೆರೆದೆ. ಒತ್ತಿದೆ.
ಪುೞ.
ಎರಡು ಸಾಲು ಕೆಳಗೆ ಮತ್ತೊಂದು.
ಬೆರಳು ಅಭ್ಯಾಸಕ್ಕೆ ನಿಂತಿತು.

ಆಮೇಲೆ ಹೊಳೆಯಿತು:
ಇದು ಚೌಕಟ್ಟಿನಲ್ಲಿ ಬಿಗಿದುಕೊಂಡಿಲ್ಲ, ನನ್ನ ಕೈಯಲ್ಲಿದೆ.
ಒತ್ತಿದೆ. ಇನ್ನೊಮ್ಮೆ ಒತ್ತಿದೆ.
ಆ ಒಂದೇ ಪುಟದಲ್ಲಿ ಏಳು ಸಲ ಬರೆದಿದ್ದೀರಿ, ಹಟಮಾರಿ,
ನಾನು ಬೇಡವೆಂದದ್ದು ಗೊತ್ತಿದ್ದೂ.
ಏಳೂ ಒದ್ದೆಯಾಗಿವೆ.
ಹುಡುಗಿ ಫ್ಯಾನು ಹಾಕಿದಳು.
ಹಾಳೆ ಮಗುಚದ ಹಾಗೆ
ಅಂಚಿಗೆ ಅಂಗೈ ಇಟ್ಟು ಕೂತಿದ್ದೇನೆ.